ಒದೆಯುವ ಮುಂಚಿನ ನಮಸ್ಕಾರ

ಕೆನಡಾ ಗಡಿಗೆ ಹತ್ತಿರದ ಪ್ಲಿಮತ್‌ನ ಹಳೆಯ ಪೇಟೆಯ ನಡುವೆಯೇ ಗೂಡ್ಸ್ ರೈಲು ಹಾದುಹೋಗುತ್ತದೆ. ದೂರದಲ್ಲಿ ಒಂದು ಕೂಗು, ಆಮೇಲೆ ಅದಕ್ಕಿಂತ ಉದ್ದದ ಇನ್ನೊಂದು, ಮತ್ತೆ ಕಬ್ಬಿಣದ ಚಕ್ರಗಳು ಒಂದೇ ಮಾತನ್ನು ಹೇಳಿಕೊಂಡು ಹೋಗುವ ಸದ್ದು. ಅಷ್ಟು ಹೊತ್ತು ಲತಾಶ್ರೀ ಅವರ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಜೂನ್ ತಿಂಗಳ ಒಂದು ಸಂಜೆ ಹಾಗೆ ರೈಲು ಟೀವಿಯ ದನಿಯನ್ನು ನುಂಗಿದ್ದಾಗ ಅವರು ಬರೀ ಚಿತ್ರವನ್ನು ನೋಡುತ್ತಿದ್ದರು. ಕೆನಡಾದ ಫುಟ್‌ಬಾಲ್ ಸೀಸನ್ನಿನ ಮೊದಲ ಪಂದ್ಯ. ಹೆರನ್ಸ್ ತಂಡಕ್ಕಾಗಿ ಚೆಂಡನ್ನು ಕಂಬಗಳ ನಡುವೆ ಒದೆಯುವ ಹೊಸ ಕಿಕ್ಕರ್, ಕೆಂಚು ಕೂದಲಿನ ಬಿಳಿ ಹುಡುಗ, ಚೆಂಡು ಒದೆಯುವ ಮೊದಲು ಬಗ್ಗಿ, ಬಲಗೈ ಬೆರಳಿನಿಂದ ಹುಲ್ಲು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ.

ರೈಲು ಹೋಗಿ ಟೀವಿಯ ಗದ್ದಲ ಮರಳಿ ಬಂದ ಮೇಲೂ ಲತಾಶ್ರೀ ಕೂತಲ್ಲಿಂದ ಅಲುಗಲಿಲ್ಲ.

ಆ ತಂಡಕ್ಕೆ ಹಿಂದೆ ಕಿಕ್ಕರ್ ಆಗಿದ್ದವನು ಲತಾಶ್ರೀ ಅವರ ಮಗ ನೀಲ್. ಎರಡು ಸೀಸನ್ ಆಡಿದ್ದ. ಕಳೆದ ನವೆಂಬರಿನಲ್ಲಿ ಸಾಮಾನೆಲ್ಲ ಕಾರಿಗೆ ತುಂಬಿಕೊಂಡು ಮನೆಗೆ ಹೊರಟವನು, ಗಡಿಯ ಸೇತುವೆ ಇನ್ನೂ ದೂರವಿರುವಾಗಲೇ, ಮಂಜು ಮುಚ್ಚಿದ ಹೈವೇಯಲ್ಲಿ ತೀರಿಹೋದ.

ಮೈಸೂರಿನಿಂದ ಬಂದಾಗ ಲತಾಶ್ರೀ ಅವರಿಗೆ ಚೌಕಾಬಾರ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಸೌತ್‌ಫೀಲ್ಡ್‌ನ ಎತ್ತರದ ಆಫೀಸಿನಲ್ಲಿ ಸಂಬಳದ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ. ಸಂಜೆ ಮನೆಗೆ ಬಂದರೆ ಅಡುಗೆ. ಗಂಡ ಹೃಷೀಕೇಶ ಕಾರಿನ ಬಿಡಿಭಾಗಗಳ ಕಂಪನಿಯ ಕೆಲಸಕ್ಕೆ ಊರೂರು ತಿರುಗುತ್ತಿದ್ದುದರಿಂದ, ಒಂಬತ್ತು ವರ್ಷದ ಮಗನಿಗೆ ಚೆಂಡು ಹಿಡಿದು ಕೊಡುವ ಪಾಳಿ ಅವರಿಗೇ ಬಂತು. ಮನೆಯಿದ್ದ ಬಡಾವಣೆಯ ಹಿಂದೆ ಇದ್ದ ಶಾಲೆಯ ಬಯಲಿನಲ್ಲಿ ಮಂಡಿಯೂರಿ ಕೂತು, ಮೊಟ್ಟೆಯಾಕಾರದ ಚೆಂಡನ್ನು ಬೆರಳ ತುದಿಯಲ್ಲಿ ನಿಲ್ಲಿಸುತ್ತಿದ್ದರು. ಮೊದಲ ದಿನವೇ ನೀಲ್‌ನ ಶೂ ಅವರ ಮಣಿಕಟ್ಟಿಗೆ ತಾಗಿತು. ಪುಸ್ತಕಕ್ಕೆ ಕಾಲು ತಾಗಿದರೆ ಹೇಳುವ ಹಾಗೆ, ಯೋಚನೆಯೇ ಇಲ್ಲದೆ, ನಮಸ್ಕಾರ ಮಾಡ್ಕೋ ಎಂದರು. ಅವನು ಅಮ್ಮನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ದೂರ ಬಿದ್ದಿದ್ದ ಚೆಂಡನ್ನು ನೋಡಿ, ಅದಕ್ಕೆ ಇನ್ನೂ ಜೋರಾಗಿ ಬಿದ್ದಿದೆಯಲ್ಲ, ಅದಕ್ಕೂ ಮಾಡಬೇಕಾ ಎಂದು ಕೇಳಿದ. ಹೌದು ಮತ್ತೆ, ಎಂದರು ಲತಾಶ್ರೀ, ತಮಾಷೆಗೆ. ಪ್ರತಿ ಸಲವೂ ಅಷ್ಟು ದೂರ ಓಡಲಾರೆ ಎಂದು ಅವನು ತಾನೇ ಒಂದು ದಾರಿ ಕಂಡುಕೊಂಡ.

"ಐ ವಿಲ್ ಡೂ ಇಟ್ ಇನ್ ಅಡ್ವಾನ್ಸ್, ಅಮ್ಮ."

ಆಮೇಲೆ ಶಾಲೆಯಲ್ಲಿ, ಕಾಲೇಜಿನಲ್ಲಿ, ಕೆನಡಾದಲ್ಲಿ, ಮುಂಗಡ ನಮಸ್ಕಾರ ಮಾಡದೆ ಅವನು ಒದ್ದದ್ದೇ ಇಲ್ಲ.

ಹೊಸ ಹುಡುಗನ ಹೆಸರು ಕಾರ್ಬಿನ್. ಕೆನಡಾದ ಗೋಧಿ ಬೆಳೆಯುವ ಬಯಲು ಸೀಮೆಯವನು. ಅವನಿಗೆ ಇದು ಹೇಗೆ ಬಂತು ಎಂದು ಲತಾಶ್ರೀ ಮಗಳು ಮೇಧಾಳನ್ನು ಕೇಳಿದರು. ಮೇಧಾ ಷಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಅಣ್ಣ ಮಾಡುವುದನ್ನು ನೋಡಿ ಕಲಿತಿರುತ್ತಾನೆ, ಅಷ್ಟೇ, ಎಂದು ಫೋನಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದಳು. ಇದ್ದರೂ ಇರಬಹುದು. ಆದರೆ ಕಣ್ಣು ಒತ್ತಿಕೊಂಡ ಮೇಲೆ ತಲೆಯನ್ನು ಎಡಕ್ಕೆ ಒಂಚೂರು ವಾಲಿಸುವುದು? ಅದನ್ನು ಯಾರು ಕಲಿಸಿಕೊಡುತ್ತಾರೆ? ಲತಾಶ್ರೀ ಫೋನ್ ಇಟ್ಟರು.

ಅಂದಿನಿಂದ ಹೆರನ್ಸ್ ಆಡುವ ದಿನ ಟೀವಿಯ ಎದುರು ಒಂದು ಕುರ್ಚಿ ಖಾಲಿ ಇರತೊಡಗಿತು. ಅದರ ಪಕ್ಕದ ಸ್ಟೂಲಿನ ಮೇಲೆ ಒಂದು ತಟ್ಟೆ ತಿಂಡಿ. ಪಂದ್ಯ ಮುಗಿದ ಮೇಲೆ ಆ ತಣ್ಣನೆಯ ತಿಂಡಿಯನ್ನು ಲತಾಶ್ರೀ ತಾವೇ ನಿಂತುಕೊಂಡು ತಿನ್ನುತ್ತಿದ್ದರು. ಹೃಷೀಕೇಶ ಅದನ್ನು ನೋಡಿಯೂ ನೋಡದವರಂತೆ ಇದ್ದರು. ಜುಲೈನಲ್ಲಿ ತಂಡ ಒಂದರ ಮೇಲೊಂದು ಸೋತಾಗ, ಹೆಸರಿಗೆ ತಕ್ಕ ಹಾಗೆ ಬಕಪಕ್ಷಿಗಳೇ ಇವು, ಒಂಟಿ ಕಾಲಲ್ಲಿ ನಿಂತುಕೊಂಡೇ ಸೋಲುತ್ತವೆ ಎಂದು ನಗಿಸಲು ನೋಡಿದರು. ಲತಾಶ್ರೀ ನಗಲಿಲ್ಲ. ಆಗಸ್ಟಿನಲ್ಲಿ ಕಾರ್ಬಿನ್‌ನ ಒದೆತಗಳಿಂದಲೇ ತಂಡ ಗೆಲ್ಲತೊಡಗಿತು. ಒಮ್ಮೆ ಚೆಂಡು ಕಂಬಗಳ ನಡುವೆ ಹಾದು ಹೋದಾಗ ಅವರು ಖಾಲಿ ಕುರ್ಚಿಯ ಕಡೆಗೆ ತಿರುಗಿ ಸಣ್ಣಗೆ ಏನೋ ಹೇಳಿದರು. ಏನೆಂದು ಹೃಷೀಕೇಶ ಕೇಳಲಿಲ್ಲ.

ಕೇಳಬೇಕಾದದ್ದು ಬೇರೆ ಇತ್ತು. ಕಾರ್ತಿಕದಲ್ಲಿ ವರ್ಷ ತುಂಬುತ್ತದೆ. ವರ್ಷಾಬ್ದಿಕ ಮಾಡಿದರೆ ಹೋದವನು ಹಿರಿಯರ ಸಾಲಿಗೆ ಸೇರುತ್ತಾನೆ. ಮಾಡದಿದ್ದರೆ ಎಲ್ಲಿಯೂ ಸೇರದೆ ಉಳಿಯುತ್ತಾನೆ ಎಂದು ಹೃಷೀಕೇಶ ಚಿಕ್ಕಂದಿನಿಂದ ಕೇಳಿದ್ದರು. ದೇವಸ್ಥಾನದ ಪುರೋಹಿತರು ದಿನ ಗೊತ್ತುಮಾಡಿಕೊಳ್ಳಿ ಎಂದು ಎರಡು ಸಲ ನೆನಪಿಸಿದ್ದರು. ಹೆಂಡತಿಯ ಒಪ್ಪಿಗೆ ಇಲ್ಲದೆ ಮಾಡಲು ಹೃಷೀಕೇಶ ಅವರಿಗೆ ಮನಸ್ಸಿಲ್ಲ, ಮಾಡದೆ ಬಿಡಲು ಧೈರ್ಯವಿಲ್ಲ.

"ಲತಾ, ಎಷ್ಟು ದಿನ ಅಂತ ಅವನನ್ನ ಹೀಗೆ ನಿಲ್ಸಿರ್ತೀಯ?"

"ಮನೆಗೆ ಬಂದವನನ್ನ ಎಳ್ಳುನೀರು ಬಿಟ್ಟು ಹೇಗ್ರೀ ಕಳ್ಸೋದು? ಸೀಸನ್ ಮುಗೀಲಿ. ಅಲ್ಲೀವರೆಗೂ ಈ ಮಾತು ಎತ್ಬೇಡಿ."

ಸೆಪ್ಟೆಂಬರಿನ ಮೊದಲ ವಾರ ಲೇಬರ್ ಡೇ ರಜೆಗೆ ಬಂದ ಮೇಧಾ ತಿಳಿಯದೆ ಆ ಕುರ್ಚಿಯಲ್ಲಿ ಕೂತಳು. ಅಡುಗೆಮನೆಯಿಂದ ಬಂದ ಲತಾಶ್ರೀ ಅವಳ ಎದುರು ನಿಂತರು. ಮೇಧಾ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದಲೇ, ನಾನೂ ಇದ್ದೀನಿ ಅಮ್ಮ ಎಂದು ಕನ್ನಡದಲ್ಲಿ ಹೇಳಿದಳು. ಅವಳು ಕನ್ನಡದಲ್ಲಿ ಮಾತಾಡುವುದೇ ಅಪರೂಪ.

ಅಕ್ಟೋಬರಿನಲ್ಲಿ ಕಾರ್ಬಿನ್ ತಪ್ಪತೊಡಗಿದ. ಕೆನಡಾದ ಆಟದಲ್ಲಿ ಗುರಿ ತಪ್ಪಿದ ಒದೆತಕ್ಕೂ ಒಮ್ಮೊಮ್ಮೆ ಒಂದು ಅಂಕ ಸಿಗುವುದುಂಟು. ಅಂಥ ಒಂಟಿ ಅಂಕಗಳ ಮೇಲೆಯೇ ತಂಡ ಉಸಿರು ಹಿಡಿದುಕೊಂಡಿತ್ತು. ಲತಾಶ್ರೀ ಚೆಂಡನ್ನು ನೋಡುತ್ತಿರಲಿಲ್ಲ. ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡ ಹುಡುಗ ಕೈ ಇಳಿಸಲು ತಡಮಾಡುತ್ತಿದ್ದ. ಪಂದ್ಯದಿಂದ ಪಂದ್ಯಕ್ಕೆ ಆ ತಡ ಹೆಚ್ಚುತ್ತಿತ್ತು. ಕತ್ತಲೆ ಕೋಣೆಯಿಂದ ಹೊರಬರಲು ಬಾಗಿಲು ಸಿಗದವರ ಹಾಗೆ. ನೀಲ್ ಏನೋ ಹೇಳುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿತು. ಪಂದ್ಯಕ್ಕೆ ತಾನೇ ಹೋಗಿ ನೋಡಲೇಬೇಕು ಎಂದು ಲತಾಶ್ರೀ ಹಟ ಹಿಡಿದರು.

ತವರಿನಲ್ಲಿ ಹೆರನ್ಸ್ ಆಡುವ ಕೊನೆಯ ಪಂದ್ಯಕ್ಕೆ ಗಂಡ ಹೆಂಡತಿ ಸೇತುವೆ ದಾಟಿ ಹೋದರು. ನೀಲ್ ತೀರಿಹೋದ ಜಾಗ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಅದು ಬಂದಾಗ ಇಬ್ಬರೂ ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ಮೈದಾನದಲ್ಲಿ ಚಳಿಗಾಳಿ. ಕಾರ್ಬಿನ್‌ನ ಕೊನೆಯ ಒದೆತ ಕಂಬಕ್ಕೆ ಬಡಿದು ಹಿಂದಕ್ಕೆ ಬಿತ್ತು. ತಂಡದ ಸೀಸನ್ ಅಲ್ಲಿಗೆ ಮುಗಿಯಿತು.

ಆಟಗಾರರ ಮನೆಯವರು ಕಾಯುವ ಗೇಟಿನ ಬಳಿ, ನೀಲ್‌ನ ಅಪ್ಪ ಅಮ್ಮ ಎಂದು ಅವರನ್ನು ಗುರುತಿಸಿ ಒಳಗೆ ಬಿಟ್ಟರು. ಕಾರ್ಬಿನ್ ಒದ್ದೆ ತಲೆಯಲ್ಲೇ ಬಂದ. ಟೀವಿಯಲ್ಲಿ ಕಂಡದ್ದಕ್ಕಿಂತ ಚಿಕ್ಕವನು, ಮೂಗಿನ ಮೇಲೆಲ್ಲ ಕಂದು ಚುಕ್ಕೆಗಳು. ಲತಾಶ್ರೀ ಅವನ ಮುಖದಲ್ಲಿ ಹುಡುಕಿದರು. ಅದು ಬೇರೆ ಯಾವುದೋ ತಾಯಿಯ ಮಗನ ಮುಖ. ಅವರು ಏನೂ ಕೇಳುವ ಮೊದಲೇ ಅವನು ಎಲ್ಲ ಹೇಳಿದ. ಹಿಂದಿನ ವರ್ಷದ ತರಬೇತಿ ಕ್ಯಾಂಪಿನಲ್ಲಿ ಅವನು ನೀಲ್‌ನ ಕೈಕೆಳಗಿನ ಹುಡುಗನಾಗಿದ್ದ. ಕ್ಷಮೆ ಕೇಳದೆ ಒದೆಯುವ ಹಾಗಿಲ್ಲ, ನಮ್ಮಮ್ಮನ ರೂಲು, ಎಂದು ನೀಲ್ ಬೆರಳು ಹೇಗೆ ಇಡಬೇಕು, ತಲೆ ಹೇಗೆ ವಾಲಿಸಬೇಕು, ಎಲ್ಲ ತಿದ್ದಿ ತಿದ್ದಿ ಕಲಿಸಿದ್ದ. ನೀಲ್ ಹೋದ ಮೇಲೆ ನಿಲ್ಲಿಸುವುದು ಸರಿಯಲ್ಲ ಎನ್ನಿಸಿ ಮಾಡುತ್ತಾ ಬಂದಿದ್ದ. ಈಗೀಗ ಕಣ್ಣು ಮುಚ್ಚಿದರೆ ನೀಲ್ ಕಾಣುತ್ತಾನೆ. ತೆರೆದ ಮೇಲೂ ಹೋಗುವುದಿಲ್ಲ. ಕಂಬಗಳೇ ಕಾಣುವುದಿಲ್ಲ.

ಆಮೇಲೆ ಶೂ ನೋಡಿಕೊಳ್ಳುತ್ತಾ ಇಂಗ್ಲಿಷಿನಲ್ಲಿ ಹೇಳಿದ: "ನಾನಿನ್ನು ಅದನ್ನ ಬಿಡಬಹುದಾ? ಯಾರನ್ನಾದ್ರೂ ಕೇಳಬೇಕು ಅನ್ನಿಸ್ತಿತ್ತು. ಯಾರನ್ನ ಅಂತ ಗೊತ್ತಿರಲಿಲ್ಲ."

ಹೃಷೀಕೇಶ ಹೆಂಡತಿಯ ಕಡೆಗೆ ನೋಡಲಾರದೆ ಬೇರೆ ಕಡೆ ನೋಡಿದರು. ಜನ ಕರಗುತ್ತಿದ್ದರು. ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಕೊನೆಗೆ ಲತಾಶ್ರೀ ಹುಡುಗನ ತೋಳು ಮುಟ್ಟಿ, ಅವನಿಗೆ ತಿಳಿಯದ ಭಾಷೆಯಲ್ಲಿ, "ಬಿಟ್ಬಿಡಪ್ಪ" ಎಂದರು. ಅವನಿಗೆ ಅದು ಅರ್ಥವಾಯಿತು.

ಪಾರ್ಕಿಂಗ್ ಜಾಗ ಅರ್ಧ ಖಾಲಿಯಾಗಿತ್ತು. ಕಾರಿನ ಬೀಗ ತೆಗೆಯುತ್ತಿದ್ದ ಹೃಷೀಕೇಶ ಅವರಿಗೆ ಬೆನ್ನ ಹಿಂದೆ ಹೆಂಡತಿಯ ದನಿ ಕೇಳಿತು. ಅಳು ಇರಲಿಲ್ಲ, ನಾಳೆಯ ಕೆಲಸಗಳನ್ನು ಹೇಳುವಾಗಿನ ದನಿ.

"ಪುರೋಹಿತರಿಗೆ ಫೋನ್ ಮಾಡಿ, ದಿನ ಕೇಳಿ. ಮೇಧಾಗೂ ಬರೋಕೆ ಹೇಳಿ. ಎಳ್ಳು ಮನೇಲಿದೆ, ಬಾಳೆಲೆ ನಾನು ತರ್ತೀನಿ. ಅವತ್ತು ಅವನ ಹೆಸರು ಹೇಳೋವಾಗ ರೀ, ನಾನು ಅಲ್ಲಿ ಕೂತಿರೋಕೆ ಆಗುತ್ತೋ ಇಲ್ವೋ…"

ಹೃಷೀಕೇಶ ತಿರುಗಿ ನೋಡುವಷ್ಟರಲ್ಲಿ ಲತಾಶ್ರೀ ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಕಾರುಗಳಿಲ್ಲದ ಸಾಲುಗಳ ನಡುವೆ ಒಬ್ಬರೇ ನಡೆದು ಹೋಗುತ್ತಿದ್ದರು.