ಮಾರಿಕುಪ್ಪಂ ರೈಲಿನಲ್ಲೊಂದು ತಾರೀಖು

ನನಗೊಂದು ಚಟವಿದೆ. ಕೆಜಿಎಫ್‌ನ ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ‘ಇತಿಹಾಸದಲ್ಲಿ ಈ ದಿನ’ ಎಂದು ಬರೆಯುತ್ತೇನೆ. ಯಾವುದೋ ದೇಶದ ರಾಜ ಪಟ್ಟವೇರಿದ್ದು, ಇನ್ಯಾವನೋ ಪಟ್ಟ ಕಳೆದುಕೊಂಡದ್ದು. ಓದುವವರು ಇಡ್ಲಿಗೆ ಸಾಲು ನಿಂತವರು. ಇಡ್ಲಿ ಬಂದೊಡನೆ ಸಾಮ್ರಾಜ್ಯಗಳನ್ನು ಅರ್ಧಕ್ಕೇ ಬಿಟ್ಟು ನಡೆಯುತ್ತಾರೆ.

ಒಂದು ದಿನ ವೆಲ್ಡರ್ ಆರೋಗ್ಯಸ್ವಾಮಿ ಕೇಳಿದ: “ಸಾರ್, ನಮ್ಮೂರ್ನಲ್ಲಿ ಒಂದಿನಾನೂ ಏನೂ ನಡೀಲಿಲ್ವಾ?”

ಮಾತು ನಾಟಿತು. ನಾಳೆಯೇ ಬರೆಯುತ್ತೇನೆ ಎಂದುಬಿಟ್ಟೆ. ಲೈಬ್ರರಿಗೆ ಹೋಗಿ ಗೆಜೆಟಿಯರ್ ತಿರುವಿದರೆ, ಚಿನ್ನ ತೆಗೆದ ವರ್ಷವಿದೆ, ರೈಲು ಬಂದ ವರ್ಷವಿದೆ. ನನ್ನ ನಾಳೆ ಮಾತ್ರ ಎಲ್ಲೂ ಇಲ್ಲ. ಪಂಡಿತರಿಗೆ ವರ್ಷವಿದ್ದರೆ ಸಾಕು. ದಿನ ನೆನಪಿಡುವವರು ಮದುವೆಯಾದವರು, ಹೆತ್ತವರು.

ಸಂಜೆ ಮನೆಗೆ ಮರಳುವ ಮಾರಿಕುಪ್ಪಂ–ಬಂಗಾರಪೇಟೆ ರೈಲಿನಲ್ಲಿ ಎದುರು ಕೂತಿದ್ದ ವೆಂಕಟಮ್ಮನ ಬಳಿ ನನ್ನ ಗೋಳು ಹೇಳಿಕೊಂಡೆ. ಕೆಜಿಎಫ್‌ನಲ್ಲಿ ಮೊಸರು ಮಾರಿ ಬಂಗಾರಪೇಟೆಗೆ ಮರಳುವ ಹೆಂಗಸು.

“ನಾಳೆ ತಾನೇ? ನಮ್ ಸುಗುಣ ಉಟ್ಟಿದ್ ದಿನ ಕಣಣ್ಣ. ಇದೇ ರೈಲ್ನಾಗೆ ಉಟ್ಟಿದ್ದು,” ಅಂದಳು.

ಹೆರಿಗೆಗೆಂದು ಮಾರಿಕುಪ್ಪಂನ ತವರಿಗೆ ಬಂದಿದ್ದಳಂತೆ. ನೋವು ಕಾಣಿಸಿಕೊಂಡು ಬಂಗಾರಪೇಟೆಯ ಆಸ್ಪತ್ರೆಗೆ ಹೊರಟರೆ, ಮಗು ಅಲ್ಲಿಯವರೆಗೆ ಕಾಯಲಿಲ್ಲ, ಊರ್ಗಾಂ ಸ್ಟೇಷನ್ನಿನಲ್ಲೇ ಅವಸರ ಮಾಡಿತು. ತಮಿಳಿನ ಅಜ್ಜಿಯೊಬ್ಬಳು ಸೂಲಗಿತ್ತಿಯಾದಳು. ತೆಲುಗಿನಾಕೆ ಮಗಳ ಮದುವೆಗೆಂದು ಕೊಂಡಿದ್ದ ಹೊಸ ಸೀರೆಯನ್ನೇ ಬಿಡಿಸಿ ಮರೆ ಕಟ್ಟಿದಳು. ಗಂಡಸರೆಲ್ಲ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು.

“ಅಜ್ಜಿ ತಮಿಳ್ನಾಗೆ ತಿಣುಕು ಅಂತಾಳೆ, ಈಯಮ್ಮ ತೆಲುಗ್ನಾಗೆ ಬಯಪಡ್‌ಬ್ಯಾಡ ಅಂತಾಳೆ. ನಾನು ಕನ್ನಡದಾಗೆ ನನ್ ಗಂಡನ್ನ ಬೈತಿದ್ದೆ.”

ಮರುದಿನ ಅದನ್ನೇ ಬರೆದೆ. ಸಾಲು ಮುಂದಕ್ಕೆ ಸರಿಯಲೇ ಇಲ್ಲ, ಹಿಂದಿನವರು ಗದರಬೇಕಾಯಿತು. “ಇದೂ ಇತಿಹಾಸಾನಾ?” ಎಂದು ಒಬ್ಬರು ಮೂಗೆಳೆದರು. ಆರೋಗ್ಯಸ್ವಾಮಿ ಮಾತ್ರ ಓದಿ ಮುಗಿಸಿ, “ನಮ್ಮಮ್ಮಂಗೂ ಇಂಥದ್ದೊಂದು ದಿನ ಇದೆ ಸಾರ್, ಕೇಳ್ಕೊಂಡ್ ಬರ್ತೀನಿ,” ಎಂದ.

ಅಂದು ಸಂಜೆ ವೆಂಕಟಮ್ಮನ ಜೊತೆ ಸುಗುಣಳೂ ರೈಲಿನಲ್ಲಿದ್ದಳು. ಈಗ ಆಕೆ ನರ್ಸು. ಹಲಗೆಯ ಫೋಟೋ ತೋರಿಸಿದೆ. ಎರಡು ಸಲ ಓದಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, “ಊರ್ಗಾಂ ಅಂತ ಬರ್ದಿದೀರಲ್ಲ ಸಾರ್. ನಾನು ಹುಟ್ಟಿದ್ದು ಮುಂದಿನ ಸ್ಟೇಷನ್ ಕೋರಮಂಡಲ್ ದಾಟಿದ್ ಮೇಲೆ. ನಮ್ಮಜ್ಜಿ ಹೇಳ್ತಿದ್ರು.”

“ಊರ್ಗಾಮೇ ಕಣಮ್ಮಿ. ನಿಂಗೇನ್ ಗೊತ್ತು? ನಾನಲ್ವಾ ಅಲ್ಲಿದ್ದಿದ್ದು?” ಅಂದಳು ತಾಯಿ.

“ನಾನೂ ಅಲ್ಲೇ ಇದ್ದೆ ಅಲ್ವೇನಮ್ಮ?”

ಬಂಗಾರಪೇಟೆ ಬಂದರೂ ವಾದ ಮುಗಿಯಲಿಲ್ಲ. ಇಷ್ಟು ವರ್ಷ ದೂರದ ಯುದ್ಧಗಳ ಬಗ್ಗೆ ಎಷ್ಟು ಧೈರ್ಯವಾಗಿ ಬರೆದಿದ್ದೆ. ಅಲ್ಲಿದ್ದವರು ಯಾರೂ ನನ್ನ ಎದುರಿನ ಸೀಟಿನಲ್ಲಿ ಕೂತಿರಲಿಲ್ಲವಲ್ಲ.