ಹೊರಸಿನ ಮೇಲೆ ಗುಡ್ಡ ಹತ್ತಿದ್ದು

ರಾಯಚೂರಿನ ಕೋಟೆಗೋಡೆಯಲ್ಲಿ ಲಾರಿಗಿಂತ ಉದ್ದವಾದ ಒಂದು ಕಲ್ಲಿದೆ. ಇಂಥದ್ದನ್ನು ಹೇಗೆ ತಂದಿರಪ್ಪಾ ಎಂದು ಮುಂದಿನವರು ಕೇಳಿಯಾರೆಂದು, ಕಟ್ಟಿದವರು ಅದರ ಚಿತ್ರವನ್ನೂ ಕೊರೆದಿಟ್ಟಿದ್ದಾರೆ: ಒಂದು ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಜೊತೆಗೆ ಮಂದಿ. ಕಾಲೇಜಿಗೆ ಹೋಗುವಾಗ ಆ ಚಿತ್ರ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಕಲ್ಲಿಗೆ ಬಂಡಿ ಇತ್ತು, ನನಗಿರಲಿಲ್ಲ.

ಸಣ್ಣವಳಿದ್ದಾಗ ಬಂದ ಪೋಲಿಯೊ ನನ್ನ ಎರಡೂ ಕಾಲಿನ ಶಕ್ತಿ ತೆಗೆದುಕೊಂಡು ಹೋಗಿತ್ತು. ಕಂಕುಳಿಗೆ ಕೋಲು ಕೊಟ್ಟುಕೊಂಡು ಸಪಾಟು ನೆಲದ ಮೇಲೆ ಯಾರಿಗೂ ಕಡಿಮೆಯಿಲ್ಲದಂತೆ ನಡೆಯುತ್ತಿದ್ದೆ. ಮೆಟ್ಟಿಲು ಬಂದರೆ ಮಾತ್ರ ನಿಂತುಬಿಡುತ್ತಿದ್ದೆ. ಪೋತ್ನಾಳದಿಂದ ಬಂದು ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಮೂಟೆ ಹೊರುವ ಹಮಾಲಿ ಮಾಡುತ್ತಿದ್ದ ಅಪ್ಪ, ಎಲೆ ಅಡಿಕೆ ಜಗಿಯುತ್ತ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಅಜ್ಜಿ, ನಾನು, ಇಷ್ಟೇ ನಮ್ಮ ಮನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಇತಿಹಾಸದ ಮೇಷ್ಟ್ರು ಇಡೀ ತರಗತಿಯನ್ನು ಕೋಟೆಯ ಗುಡ್ಡಕ್ಕೆ ಕರೆದುಕೊಂಡು ಹೋದರು. ವಿಜಯನಗರದವರೂ ಬಿಜಾಪುರದವರೂ ಈ ಕೋಟೆಗಾಗಿ ಯಾಕೆ ಅಷ್ಟು ಬಡಿದಾಡಿದರು ಎಂಬುದು ಮೇಲೆ ನಿಂತರೆ ತಿಳಿಯುತ್ತದಂತೆ. ತುದಿಯಲ್ಲಿ ದರ್ಗಾ ಇದ್ದುದರಿಂದ ಎಲ್ಲರೂ ಚಪ್ಪಲಿ ಕೆಳಗೇ ಬಿಟ್ಟರು. ಮೇಷ್ಟ್ರು ಬಹಳ ಕರುಣೆಯಿಂದ ನನ್ನ ಕಡೆ ತಿರುಗಿ, "ನೀನು ಇಲ್ಲೇ ಕೂತು ಚಪ್ಪಲಿ ನೋಡ್ಕೊಳ್ಳಮ್ಮ" ಅಂದರು. ಮುಸಲ್ಮಾನರ ಸುಲ್ತಾನರೂ ಹಿಂದೂ ಅರಸರೂ ಕಾದಾಡಿದ ಜಾಗದಲ್ಲಿ ನಾನು ಹವಾಯಿ ಚಪ್ಪಲಿಗಳ ರಾಶಿಗೆ ಕಾವಲು ಕೂತೆ.

ಇಳಿದು ಬಂದವರ ಬಾಯಲ್ಲಿ ಒಂದೇ ಮಾತು. "ಏನ್ ಹೇಳಲೇ, ಆ ಕಡಿ ಕೃಷ್ಣಾ ಹೊಳಿ, ಈ ಕಡಿ ತುಂಗಭದ್ರಾ, ಎರಡೂ ಕಾಣತಾವ!" ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನನಗೆ ಹತ್ತಿರದ ಬೆಟ್ಟವೂ ನುಣ್ಣಗೇ ಉಳಿಯಿತಲ್ಲ ಎಂದು ಹೊಟ್ಟೆ ಉರಿಯಿತು. ಮನೆಗೆ ಬಂದವಳು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಆ ಎರಡು ಹೊಳೆ ನಾನು ನೋಡಲೇಬೇಕು, ಇಲ್ಲದಿದ್ದರೆ ಕಾಲೇಜಿಗೆ ಹೋಗುವುದಿಲ್ಲ ಅಂದೆ. ಬರೀ ಬಾಯಿಮಾತಿನ ಹಟವಲ್ಲ, ನಿಜವಾಗಿಯೂ ಬಿಡುವವಳಿದ್ದೆ. ಎಲ್ಲಿ ಹೋದರೂ ಚಪ್ಪಲಿ ಕಾಯುವುದೇ ಆದರೆ ಓದಿ ಏನು ಮಾಡುವುದು?

ಅಪ್ಪ ಮಾತು ಕಡಿಮೆಯ ಮನುಷ್ಯ. ಅಮಾವಾಸ್ಯೆಗೆ ಗಂಜಿಗೆ ರಜೆ. ಅವತ್ತು ಬೆಳಿಗ್ಗೆ ನಾಲ್ವರು ಜೊತೆಗಾರ ಹಮಾಲರನ್ನು ಕರೆದುಕೊಂಡು ಬಂದ. ನಾನು ಮಲಗುವ ಹಗ್ಗದ ಹೊರಸನ್ನೇ ಹೊರಗೆ ತಂದು, ಎರಡು ಬೊಂಬು ಕಟ್ಟಿ, "ಮಲಕೋ" ಅಂದ. ಕುಳಿತರೆ ಓಲಾಡಿ ಬೀಳುತ್ತೇನೆಂದು ಅಜ್ಜಿಯ ಹೆದರಿಕೆ. ಬಿಸಿಲು ಹತ್ತುತ್ತದೆಂದು ಅವಳೇ ಬಿಳಿ ಚಾದರ ತಂದು ತಲೆಯಿಂದ ಕಾಲಿನವರೆಗೆ ಹೊದಿಸಿದಳು. ಹಮಾಲರು ಭಾರ ಎತ್ತುವಾಗ ಹೈಸಾ ಹೈಸಾ ಎಂದು ಕೂಗುವುದು ವಾಡಿಕೆ. "ರಸ್ತಾದಾಗ ಕೂಗಬ್ಯಾಡ್ರೋ, ಹುಡುಗಿ ನಾಚ್ಕೋತಾಳ" ಎಂದು ಅಪ್ಪ ತಾಕೀತು ಮಾಡಿದ. ಆಮೇಲೆ ದಾರಿಗಿರಲಿ ಎಂದು ಸಣ್ಣ ಗಡಿಗೆಯಲ್ಲಿ ಮಜ್ಜಿಗೆ ತುಂಬಿ, ಅದಕ್ಕೆ ಹಗ್ಗ ಕಟ್ಟಿ ಕೈಯಲ್ಲಿ ಹಿಡಿದು ಮುಂದೆ ನಡೆದ. ಹಿಂದೆ ಅಜ್ಜಿ, ಧೂಳಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು.

ಈಗ ನೀವೇ ಹೇಳಿ. ಮುಂದೆ ಗಡಿಗೆ ಹಿಡಿದ ಅಪ್ಪ, ನಡುವೆ ತುಟಿ ಪಿಟಕ್ಕೆನ್ನದ ನಾಲ್ವರ ಹೆಗಲ ಮೇಲೆ ಬಿಳಿ ಹೊದಿಕೆಯ ಹೊರಸು, ಹಿಂದೆ ಬಾಯಿಗೆ ಸೆರಗಿಟ್ಟ ಮುದುಕಿ. ಇಷ್ಟಾದರೂ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬಜಾರಿಗೆ ಬಂದಾಗ ಮೊದಲು ಎದ್ದವರು ಅತ್ತರಿನ ಅಂಗಡಿಯ ಚಾಚಾ. ಮಯ್ಯತ್ತು, ಅಂದರೆ ಹೆಣ, ಹೋಗುವಾಗ ಕೂತಿರಬಾರದು, ನಾಲ್ಕು ಹೆಜ್ಜೆಯಾದರೂ ಹೆಗಲು ಕೊಡಬೇಕು, ಅದು ಪುಣ್ಯದ ಕೆಲಸ. ಯಾರು ಎತ್ತ ಎಂದು ಕೇಳದೆ ಬಂದು ಹೊರಸಿಗೆ ಹೆಗಲು ಕೊಟ್ಟರು. ಅವರನ್ನು ನೋಡಿ ಬಟ್ಟೆ ಅಂಗಡಿಯವರು, ಆಮೇಲೆ ಚಹಾದಂಗಡಿಯಲ್ಲಿದ್ದ ಲಿಂಗಾಯತರ ಗೌಡರು. ನಮ್ಮ ಹಮಾಲರೋ, ಬಿಟ್ಟಿ ಹೆಗಲು ಬಂದರೆ ಬೇಡ ಅನ್ನುವ ಪೈಕಿ ಅಲ್ಲ. ಸಂತೋಷವಾಗಿ ಬಿಟ್ಟುಕೊಟ್ಟು ಬೀಡಿ ಹಚ್ಚಿದರು. ನಾನು ಚಾದರದೊಳಗೆ, ಊರವರಿಗೆ ನನ್ನ ಮೇಲೆ ಇಷ್ಟು ಪ್ರೀತಿ ಇತ್ತೇ ಎಂದು ಹಿಗ್ಗುತ್ತಿದ್ದೆ.

ಆಗ ಮಾತು ಕಿವಿಗೆ ಬಿತ್ತು.

"ಸಣ್ಣ ವಯಸ್ಸಂತ."

"ಅಮಾಸಿ ದಿನ ಹೋಗ್ಯಾಳ, ಪಾಪ."

"ಭಾಳ ಚಲೋ ಹುಡುಗಿ ಇತ್ತು ಬಿಡ್ರಿ. ಒಬ್ಬರಿಗೆ ಎದುರು ಮಾತಾಡಿದಾಕಿ ಅಲ್ಲ."

ಕೊನೆಯ ಮಾತು ಆಡಿದವರು ನನ್ನನ್ನು ಒಮ್ಮೆಯೂ ನೋಡಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಆದರೂ ತುಟಿ ಕಚ್ಚಿಕೊಂಡೆ. ಬಾಯಿ ಬಿಟ್ಟರೆ ಇಳಿಸಿಬಿಡುತ್ತಾರೆ, ಹೊಳೆ ನೋಡುವುದು ಅಲ್ಲಿಗೇ ಮುಗಿಯುತ್ತದೆ.

ಮೆರವಣಿಗೆ ಕೆರೆಯ ದಂಡೆ ಹಿಡಿದು ಗುಡ್ಡದ ಬುಡಕ್ಕೆ ಬಂತು. ಗೌಡರು ನಿಂತರು. "ಅಲ್ಲೋ, ಸುಡುಗಾಡು ಈ ಕಡಿ ಅಲ್ಲಲ್ಲ?"

ಇನ್ನು ಸುಮ್ಮನಿದ್ದರೆ ಹೂಳಿಯೇ ಬಿಡುತ್ತಾರೆಂದು ನಾನು ಚಾದರ ಸರಿಸಿ ಎದ್ದು ಕುಳಿತೆ. "ಸುಡುಗಾಡು ಬ್ಯಾಡ್ರಿ, ಗುಡ್ಡ ಹತ್ತಬೇಕಾಗ್ಯದ" ಅಂದೆ.

ಹೊರಸು ನೆಲಕ್ಕೆ ಬಿದ್ದ ಸದ್ದು ಇವತ್ತಿಗೂ ನನ್ನ ಸೊಂಟಕ್ಕೆ ನೆನಪಿದೆ. ಇಬ್ಬರು ಹಿಂದಿರುಗಿ ನೋಡದೆ ಓಡಿದರು. ಗೌಡರು, ಸಾಯದವಳನ್ನು ಹೊತ್ತಿದ್ದಕ್ಕೂ ತಲೆಗೆ ನೀರು ಹಾಕಿಕೊಳ್ಳಬೇಕೇ ಬೇಡವೇ ಎಂದು ಅಜ್ಜಿಯನ್ನು ವಿಚಾರಿಸತೊಡಗಿದರು. ಚಾಚಾ ಮಾತ್ರ ಸಿಟ್ಟಿನಿಂದ ಕೆಂಪಾಗಿದ್ದರು. "ತೌಬಾ ತೌಬಾ! ಜೀವ ಇಟ್ಕೊಂಡು ನಮ್ಮ ಹೆಗಲ ಮ್ಯಾಲೆ ಮಲಗ್ತಿ? ಚೇಷ್ಟಾ ಮಾಡ್ತಿ ಕ್ಯಾ?" ಎಂದು ಬೈದು ತಿರುಗಿ ಹೊರಟರು.

ಮೆಟ್ಟಿಲು ಕಡಿದಾಗಿತ್ತು. ನಾಲ್ವರಿಂದಲೇ ಆಗುವ ಮಾತಲ್ಲ ಎಂದು ಹಮಾಲರು ತಲೆ ಕೆರೆದುಕೊಂಡರು. ಅಪ್ಪ ಮಜ್ಜಿಗೆಯ ಗಡಿಗೆ ಕೆಳಗಿಟ್ಟ. "ನಡೀ ಯವ್ವಾ, ಮನಿಗಿ ಹೋಗೂನು" ಅಂದ. ಅವನ ಮುಖ ನೋಡಿ ನನ್ನ ನಗೆಯೆಲ್ಲ ಇಂಗಿ ಹೋಯಿತು. ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು.

"ಸತ್ತರ ಹೊರತೀರಿ, ಬದುಕಿದ್ದರ ಹೊರಂಗಿಲ್ಲೇನ್ರಿ?" ಎಂದು ಕೂಗಿದೆ. "ಸತ್ತ ಮ್ಯಾಲ ನಾ ಏನ್ ನೋಡಲಿ? ನನಗ ಈಗ ನೋಡಬೇಕಾಗ್ಯದ!"

ಚಾಚಾ ನಿಂತರು. ಆಮೇಲೆ ಗೊಣಗುತ್ತ ವಾಪಸ್ ಬಂದು, ಲುಂಗಿ ಎತ್ತಿ ಕಟ್ಟಿ, ಬೊಂಬಿಗೆ ಹೆಗಲು ಹಚ್ಚಿದರು. "ಒಮ್ಮೆ ಹೆಗಲು ಕೊಟ್ಟ ಮ್ಯಾಲೆ ನಡುದಾರಿಗೆ ಬಿಡಬಾರ್ದು. ಉಠಾವ್!" ಗೌಡರೂ ಸ್ನಾನದ ಪ್ರಶ್ನೆಯನ್ನು ಮುಂದೂಡಿ ಹೊರಸಿನ ಹಿಂದಿನ ಕಾಲು ಹಿಡಿದರು. ಅಪ್ಪ ಅವತ್ತು ಮೊದಲ ಸಲ ಬಾಯಿ ತುಂಬ "ಹೈಸಾ!" ಎಂದು ಕೂಗಿದ. ಎಲ್ಲರೂ ಕೂಗಿದರು. ಚಾಚಾ ಪ್ರತಿ ಮೆಟ್ಟಿಲಿಗೂ ನನ್ನ ತೂಕವನ್ನು ಬೈಯುತ್ತಲೇ ಹತ್ತಿದರು.

ತುದಿಯಲ್ಲಿ ಗಾಳಿ ಜೋರಾಗಿತ್ತು. ಅಲ್ಲಿದ್ದ ಹಳೆಯ ಫಿರಂಗಿಯ ಪಕ್ಕ ಹೊರಸು ಇಳಿಸಿ, ನನ್ನನ್ನು ಉತ್ತರಕ್ಕೆ ತಿರುಗಿಸಿದರು, ದಕ್ಷಿಣಕ್ಕೆ ತಿರುಗಿಸಿದರು. ಹತ್ತಿ ಮಿಲ್ಲಿನ ಚಿಮಣಿ, ರೈಲು ಹಳಿ, ಕೆರೆ, ಮಾಳಿಗೆಗಳ ಮೇಲೆ ಒಣಹಾಕಿದ ಸೀರೆ ಎಲ್ಲ ಕಂಡವು. ಅದರಾಚೆ ಕಣ್ಣು ಹೋದಷ್ಟೂ ಹೊಲ, ಹೊಲದಾಚೆ ಬಿಸಿಲು.

"ಹೊಳಿ ಎಲ್ಲದಾವ ಬೇ?" ಎನ್ನುತ್ತ, ಹಿಂದೆಯೇ ಹತ್ತಿ ಬಂದಿದ್ದ ಅಜ್ಜಿ ಹಣೆಗೆ ಕೈಹಚ್ಚಿ ಹುಡುಕಿದಳು.

ಎಲ್ಲೂ ಇರಲಿಲ್ಲ. ಒಂದು ಹೊಳೆಯೂ ಕಾಣುತ್ತಿರಲಿಲ್ಲ. ನನ್ನ ಗೆಳತಿಯರು ಒಬ್ಬರ ಬಾಯಿ ನೋಡಿ ಒಬ್ಬರು ಸುಳ್ಳು ಹೇಳಿದ್ದರು. ನಾನು ಹೊರಸಿನ ಮೇಲೆ ಬಿದ್ದು ಬಿದ್ದು ನಕ್ಕೆ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಅಜ್ಜಿ ಮೇಲೆ ತಂದಿದ್ದ ಮಜ್ಜಿಗೆಯನ್ನು ಎಲ್ಲರೂ ಅಲ್ಲೇ ಕುಡಿದೆವು.

ಮರುದಿನ ತರಗತಿಯಲ್ಲಿ ಎದ್ದು ನಿಂತು, ಗುಡ್ಡದ ಮೇಲಿಂದ ಯಾವ ಹೊಳೆಯೂ ಕಾಣುವುದಿಲ್ಲ ಎಂದು ಹೇಳಿದೆ. ಮೇಷ್ಟ್ರು ಕೈಯಲ್ಲಿದ್ದ ಪುಸ್ತಕ ಮುಚ್ಚಿ, "ಹಾಗಾದ್ರೆ ನೀನು ನಿಜವಾಗ್ಲೂ ಹೋಗಿದ್ದೆ" ಅಂದರು.

ಆಮೇಲೆ ಎಷ್ಟೋ ವರ್ಷ, ನಾನು ಕೋಲೂರಿಕೊಂಡು ಬಜಾರಿನಲ್ಲಿ ಹೋಗುವಾಗ ಚಾಚಾ ಅಂಗಡಿಯಿಂದಲೇ ಕೂಗುತ್ತಿದ್ದರು: "ಏ ಬೇಟಿ, ಮತ್ತ ಯಾವಾಗ ಸಾಯ್ತಿ? ಅಮಾಸಿ ಬಂತು ನೋಡು, ಹೆಗಲು ಖಾಲಿ ಅದ!"