ಸೇನಾಪತಿಗೆ ಹೇಳಿಕೊಡದ ಮಾತು

ವೈನಿ, ಅಣ್ಣ ಅಂದು ರಂಗದ ಮೇಲೆ ಮಾತು ಮರೆತಾಗ ನಾನು ಬೇಕೆಂದೇ ಸುಮ್ಮನಿದ್ದೆ. ಸೈಡ್‌ವಿಂಗಿನ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಹೇಳಿಕೊಡುವ ಪ್ರಾಂಪ್ಟರ್ ನಾನು. ಅವನ ಸಾಲು ನನ್ನ ಕೈಯಲ್ಲೇ ಇತ್ತು. ಅಣ್ಣ ತೀರಿಹೋಗಿ ತಿಂಗಳಾಯಿತು. ಇದನ್ನು ಅವನಿಗೇ ಹೇಳಬೇಕಿತ್ತು—ಹೇಳಲಿಲ್ಲ. ಅತ್ತಿಗೆಯಾದ ನಿಮಗೆ ಈಗ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ನಮ್ಮ ಕನ್ನಡ ಸಂಘ ಆಡಿದ ನಾಟಕ, ಇಲ್ಲಿ ಕೊಲ್ಲಿ ನಾಡಿನ ಅಲ್ ಕುಸೈಸ್‌ನ ಶಾಲೆಯ ಸಭಾಂಗಣ. ರೋಮ್ ಎದುರು ಸಮುದ್ರದ ಯುದ್ಧದಲ್ಲಿ ಸೋತು ಬಂದ ಕಾರ್ಥೇಜಿನ ಸೇನಾಪತಿ ಅಣ್ಣ. ಸೋತ ಸೇನಾಪತಿಗಳನ್ನು ಆ ಊರಿನವರೇ ಶಿಲುಬೆಗೇರಿಸುತ್ತಿದ್ದರಂತೆ. ಆ ಪಾತ್ರ ನನಗೆ ಬೇಕಿತ್ತು. ಇಡೀ ನಾಟಕ ನನಗೆ ಬಾಯಿಪಾಠ. ಆದರೆ ಎತ್ತರ, ಕಂಠ ಎರಡೂ ಅಣ್ಣನಿಗಿದ್ದವು. ತಾಲೀಮಿನಲ್ಲಿ ಅವನು, "ರೋಮ್ ಜೋಡಿ ಹೆಂಗರ ಗುದ್ದಾಡ್ತೀನಿ, ನಿಮ್ಮ ವೈನಿ ಮುಂದ ಮಾತ್ರ ಸೋಲೇ!" ಅನ್ನುತ್ತಿದ್ದ. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಒಳಗೆ ಮಾತ್ರ—

ಕೊನೆಯ ದೃಶ್ಯದಲ್ಲಿ ಊರ ಹಿರಿಯರು ಕೇಳಿದರು: "ಸೇನಾಪತಿ, ನಮ್ಮ ಹಡಗುಗಳೆಲ್ಲಿ?" ಅಣ್ಣ ಬಾಯಿ ತೆರೆದ. ಮಾತು ಬರಲಿಲ್ಲ. ಮೆಲ್ಲಗೆ ನನ್ನತ್ತ ನೋಡಿದ. ಮೊದಲ ಪದ ಸಿಕ್ಕಿದ್ದರೆ ಸಾಕಿತ್ತು ಅವನಿಗೆ... ನಾನು ಹಾಳೆ ನೋಡುತ್ತ ನಿಂತೆ. ಹಿಂದಿನಿಂದ ಯಾರೋ ಕೂಗಿದರು: "ಯಲ್ಲಾ, ಲಗೂ ಮಾಡೋ ಸೇನಾಪತಿ, ಊಟ ಆರಾಕತ್ತೈತಿ!" ಸಭಾಂಗಣವೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ನೀವು ತಲೆ ತಗ್ಗಿಸಿದ್ದಿರಿ. ಪರದೆ ಎಳೆದರು.

ಒಳಗೆ ಬಂದವನು ನನ್ನನ್ನೇ ಸಮಾಧಾನ ಮಾಡಿದ. "ನೀ ಹೇಳಿರ್ತಿ ತಮ್ಮಾ. ನನಗ ಕೇಳ್ಸಿಲ್ಲ."

"ಎರಡ್ ಸಲ ಹೇಳಿದೆ, ಅಣ್ಣಾ," ಅಂದೆ.

ಸುಮ್ಮನಿದ್ದದ್ದು ಒಂದು ಗಳಿಗೆಯ ಹೊಟ್ಟೆಕಿಚ್ಚು. ಈ ಸುಳ್ಳು ಮಾತ್ರ ಆರು ವರ್ಷ ಬಾಳಿತು. ಕಿವಿ ಸರಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ, ಎರಡು ಸಲ ಹೇಳಿದರೂ ತಲೆಗೆ ಹೋಗಲಿಲ್ಲವೆಂದರೆ ಅಪ್ಪನ ಕೊನೆಗಾಲದ ಮರೆವು ತನಗೂ ಹತ್ತಿತೆಂದು ಅವನು ಹೆದರಿದ—ನಿಮಗೆ ಗೊತ್ತೇ ಇದೆ. ಮತ್ತೆ ಬಣ್ಣ ಹಚ್ಚಲಿಲ್ಲ. ಕರೆಯಲು ಬಂದವರಿಗೆ, "ಈ ತಲಿ ನಂಬಬ್ಯಾಡ್ರಿ" ಅನ್ನುತ್ತಿದ್ದ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಮರುವರ್ಷ ಮುಖ್ಯ ಪಾತ್ರ ನನಗೆ ಸಿಕ್ಕಿತು. ದಿನಾ ಸಂಜೆ ಮನೆಗೆ ಕರೆಸಿ ನನ್ನಿಂದ ಪಾತ್ರದ ಮಾತು ಒಪ್ಪಿಸಿಕೊಂಡವನು ಅವನೇ. ಆಗಲಾದರೂ ಹೇಳಬಹುದಿತ್ತು—ಎದುರಿಗೇ ಇದ್ದ.

ಭಾನುವಾರ ಸಂಘದಲ್ಲಿ ಅವನ ಶ್ರದ್ಧಾಂಜಲಿ ಸಭೆ. ಅಣ್ಣನ ಬಗ್ಗೆ ನೀನೇ ಮಾತಾಡು ಎಂದಿದ್ದೀರಿ. ಈ ಪತ್ರವನ್ನೇ ಓದುತ್ತೇನೆ. ಅವನಿಗೆ ಯಾವ ಮರೆವೂ ಇರಲಿಲ್ಲ ಎಂದು ಅಂದು ನಕ್ಕವರಿಗೆಲ್ಲ ತಿಳಿಯಲಿ. ಅದಕ್ಕೂ ಮೊದಲು ನಿಮಗೆ ತಿಳಿಯಬೇಕು. ಆಮೇಲೆ ನಾನು ನಿಮ್ಮ ಮನೆಯ ಮೆಟ್ಟಿಲು ಹತ್ತಬೇಕೋ ಬೇಡವೋ, ನೀವು ಹೇಳಿದಂತೆ.